ಇಳಕಲ್ ಸೀರೆ ಅಂಗಡಿಯ ಜಾಲತಾಣ: ಕನ್ನಡ ಪುಟಗಳು ಗೂಗಲ್ ಹುಡುಕಾಟದಲ್ಲಿ ಬರುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಳಕಲ್‌ನಲ್ಲಿ ನಮ್ಮ ತಂದೆಯವರದು ಸೀರೆ ಅಂಗಡಿ. ಮನೆಯಲ್ಲಿ ಎರಡು ಮಗ್ಗಗಳಿವೆ, ಉಳಿದ ಸೀರೆಗಳನ್ನು ಊರಿನ ನೇಕಾರರಿಂದಲೇ ಕೊಳ್ಳುತ್ತೇವೆ. ಎಂಟು ತಿಂಗಳ ಹಿಂದೆ ಒಬ್ಬರಿಂದ ಜಾಲತಾಣ ಮಾಡಿಸಿದೆವು. ಅದರ ಇಂಗ್ಲಿಷ್ ಪುಟಗಳು ಗೂಗಲ್‌ನಲ್ಲಿ ಸಿಗುತ್ತವೆ. ಟೋಪ್ ತೆನಿ ಸೆರಗು, ಚಿಕ್ಕಿ ಪರಾಸ್ ದಡಿ, ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಬಗೆ, ಇವನ್ನೆಲ್ಲ ತಂದೆಯವರು ಮುಂದೆ ಕೂತು ಹೇಳಿ ಬರೆಸಿದ ಕನ್ನಡ ಪುಟಗಳು ಮಾತ್ರ, ಅವುಗಳಲ್ಲಿರುವ ಒಂದು ಪೂರ್ತಿ ಸಾಲನ್ನೇ ಕೊಟ್ಟು ಹುಡುಕಿದರೂ ಬರುವುದಿಲ್ಲ. ತಾಣದ ಪುಟಗಳು ಹುಡುಕಾಟದಲ್ಲಿ ಹೇಗಿವೆ ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್, ಆ ಪುಟಗಳು ಸೂಚಿಗೆ (ಗೂಗಲ್ ಹುಡುಕಾಟಕ್ಕೆಂದು ಇಟ್ಟುಕೊಂಡಿರುವ ಪುಟಗಳ ಪಟ್ಟಿಗೆ) ಸೇರಿವೆ ಎಂದೇ ಹೇಳುತ್ತದೆ. ಕೆಲವು ಗಿರಾಕಿಗಳ ಫೋನಿನಲ್ಲಿ ಮೊದಲು ಏನೋ ವಿಚಿತ್ರ ಅಕ್ಷರಗಳು ಮೂಡಿ, ಆಮೇಲೆ ಕನ್ನಡ ಕಾಣುತ್ತದಂತೆ. ತಾಣ ಮಾಡಿಕೊಟ್ಟವರು ಇನ್ನಷ್ಟು ಕೀವರ್ಡ್‌ಗಳನ್ನು ಸೇರಿಸಬೇಕೆಂದು ಮತ್ತೆ ಹಣ ಕೇಳುತ್ತಿದ್ದಾರೆ. ಕೊಡಬೇಕೇ?

ಉತ್ತರ

ನಮಸ್ಕಾರ. ಸದ್ಯಕ್ಕೆ ಹಣ ಕೊಡಬೇಡಿ. ಪುಟದ ತಲೆಭಾಗದಲ್ಲಿ ಸೇರಿಸುವ ಕೀವರ್ಡ್ ಪಟ್ಟಿಯನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಸ್ಪಷ್ಟಪಡಿಸಿದೆ. ಫೋನಿನಲ್ಲಿ ಕಾಣುವ ವಿಚಿತ್ರ ಅಕ್ಷರಗಳ ವಿಷಯ ಓದಿದಾಗ ನನಗೆ ಬೇರೆಯೇ ಅನುಮಾನ ಬಂದಿದೆ. ಕನ್ನಡ ಪುಟದ ಶೀರ್ಷಿಕೆಯನ್ನು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ, ಅಲ್ಲಿ ಏನು ಕಾಣುತ್ತದೆ ಎಂದು ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರು

ಕನ್ನಡ ಬರಲಿಲ್ಲ ಸರ್. "ಇಳಕಲ್" ಎಂದಿದ್ದ ಕಡೆ ಮೊದಲು ಇಂಗ್ಲಿಷಿನ ದೊಡ್ಡ "E", ಅದರ ಪಕ್ಕ ಕಾಲು ಭಾಗ ಎಂದು ಬರೆಯುವ ಭಿನ್ನರಾಶಿಯ ಗುರುತು, ಮುಂದೆ ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರಗಳು ಬಂದವು.

ಉತ್ತರ

ಅನುಮಾನ ನಿಜವಾಯಿತು. ನಿಮ್ಮ ಕನ್ನಡ ಪುಟಗಳಲ್ಲಿರುವುದು "ನುಡಿ" ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಆಸ್ಕಿ ವಿನ್ಯಾಸದ ಪಠ್ಯ. ಆ ಕ್ರಮದಲ್ಲಿ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳೇ. ಫಾಂಟು ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬಿಡಿಸಿ ತೋರಿಸುತ್ತದೆ. ಕಾಗದದ ಮೇಲೆ ಅಚ್ಚು ಹಾಕುವುದಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ, ಡಿಟಿಪಿ ಕೇಂದ್ರಗಳು ಇದನ್ನು ನೆಚ್ಚಿಕೊಂಡದ್ದಕ್ಕೂ ಅದೇ ಕಾರಣ. ಹುಡುಕುಯಂತ್ರ ಓದುವುದಾದರೋ ಫಾಂಟಿನ ಆಕಾರವನ್ನಲ್ಲ, ಅದರ ಹಿಂದಿರುವ ಸಂಕೇತವನ್ನು. ಗಿರಾಕಿ ತನ್ನ ಫೋನಿನಲ್ಲಿ "ಇಳಕಲ್ ಸೀರೆ" ಎಂದು ಬರೆಯುವುದು ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಕ್ರಮದಲ್ಲಿ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದ್ದು, ನಿಮ್ಮ ಪುಟದಲ್ಲಿ ಅದರ ಒಂದು ಅಕ್ಷರವೂ ಇಲ್ಲ. ಗೂಗಲ್ ಪುಟವನ್ನು ಸೂಚಿಗೆ ಸೇರಿಸಿಕೊಂಡಿದೆ, ಆದರೆ ಅದರ ಪಾಲಿಗೆ ಅದು ಕನ್ನಡ ಪುಟವೇ ಅಲ್ಲ. ನಿಮ್ಮ ತಂದೆಯವರ ಅಷ್ಟು ಅನುಭವದ ಮಾತು ಹೀಗೆ ಯಾರ ಕಣ್ಣಿಗೂ ಬೀಳದೆ ಉಳಿದಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಪುಣ್ಯಕ್ಕೆ ಇದನ್ನು ಸರಿಪಡಿಸಬಹುದು.

ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪಠ್ಯವನ್ನು ಬದಲಿಸಿದ ಮೇಲೆ ಹಳೆಯ ಫಾಂಟನ್ನು ತೆಗೆದು ನೋಟೋ ಸಾನ್ಸ್ ಕನ್ನಡದಂತಹ ಯೂನಿಕೋಡ್ ಫಾಂಟನ್ನು ಹಾಕಿಸಿ, ಪುಟದ ಭಾಷೆ ಕನ್ನಡ ಎಂಬ ಸೂಚನೆಯನ್ನೂ ಬರೆಸಿ. ಪುಟಗಳ ವಿಳಾಸವನ್ನು ಮಾತ್ರ ಬದಲಿಸಬೇಡಿ. ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ ಇರಲಿ: ಎಲ್ಲ ಪುಟಗಳ ನೆತ್ತಿಯಲ್ಲೂ ಅಂಗಡಿಯ ಹೆಸರೊಂದೇ ಇರುವುದಕ್ಕಿಂತ "ಚಿಕ್ಕಿ ಪರಾಸ್ ದಡಿಯ ಇಳಕಲ್ ಸೀರೆಗಳು" ಎಂದಿದ್ದರೆ ಹುಡುಕುವವರಿಗೂ ಓದುವವರಿಗೂ ಅನುಕೂಲ.

ಮತ್ತೊಬ್ಬರ ಉತ್ತರ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಪರಿವರ್ತಕಕ್ಕೆ ಇಡೀ ಪುಟವನ್ನು ಒಮ್ಮೆಗೇ ಕೊಡಬೇಡಿ. ನಡುವೆ ಇಂಗ್ಲಿಷ್ ಪದವೋ ಇಮೇಲ್ ವಿಳಾಸವೋ ಇದ್ದರೆ ಅದನ್ನೂ ಆಸ್ಕಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ಅಕ್ಷರಗಳನ್ನಾಗಿಸಿಬಿಡುತ್ತದೆ. ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಒಂದೊಂದಾಗಿ ನೋಡಿ, ತಪ್ಪುಗಳು ಹೆಚ್ಚಾಗಿ ಅಲ್ಲೇ ಉಳಿಯುತ್ತವೆ. ಇನ್ನು, ದಡಿಗಳ ಹೆಸರು ಮತ್ತು ಬೆಲೆಗಳನ್ನು ಚಿತ್ರದ ಮೇಲೆಯೇ ಬರೆದು ಹಾಕಿದ್ದರೆ ಅವನ್ನು ಪಠ್ಯವಾಗಿಯೂ ಕೊಡಿ. ಫೋನಿನಲ್ಲಿ ತೆಗೆದ ಸೀರೆಯ ಫೋಟೋ ಒಂದೊಂದೂ ನಾಲ್ಕೈದು ಎಂಬಿ ಇರುವುದರಿಂದ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ಚಿತ್ರರೂಪದಲ್ಲಿ ಏರಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಮಾನದಂಡ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಇಬ್ಬರಿಗೂ ಧನ್ಯವಾದಗಳು. ಹನ್ನೊಂದು ಪುಟಗಳನ್ನೂ ಬದಲಿಸಿ, ತಂದೆಯವರೂ ನಾನೂ ಸಾಲು ಸಾಲಾಗಿ ಓದಿ ತಿದ್ದಿದೆವು. ಸರ್ಚ್ ಕನ್ಸೋಲ್‌ನಲ್ಲಿ ಪ್ರತಿ ಪುಟಕ್ಕೂ ಮರುಸೂಚಿಗೆ ಕೋರಿಕೆ ಸಲ್ಲಿಸಿದ್ದೆ. ಈಗ "ಕೊಂಡಿ ಹಾಕಿ ಸೆರಗು ಕೂಡಿಸುವುದು" ಎಂದು ಹುಡುಕಿದರೆ ನಮ್ಮ ಪುಟ ಮೊದಲ ಪುಟದಲ್ಲೇ ಬರುತ್ತದೆ. "ಇಳಕಲ್ ಸೀರೆ" ಎಂದಷ್ಟೇ ಹುಡುಕಿದರೆ ಇನ್ನೂ ಬಹಳ ಹಿಂದಿದ್ದೇವೆ. ಇಲಕಲ್, ಇಲ್ಕಲ್ ಎಂದೂ ಜನ ಬರೆಯುತ್ತಾರೆ. ಅದಕ್ಕಾಗಿ ಬೇರೆ ಬೇರೆ ಪುಟ ಮಾಡಬೇಕೇ?

ಉತ್ತರ

ಬೇಡ. ಒಂದೇ ವಿಷಯಕ್ಕೆ ಮೂರು ಪುಟ ಮಾಡಿದರೆ ಅವು ತಮ್ಮತಮ್ಮಲ್ಲೇ ಪೈಪೋಟಿಗೆ ಬೀಳುತ್ತವೆ. ಊರಿನ ಪರಿಚಯ ಬರೆಯುವ ಕಡೆ "ಇಲಕಲ್, ಇಲ್ಕಲ್ ಎಂದೂ ಬರೆಯುವ ನಮ್ಮ ಊರು" ಎಂದು ಒಂದು ಸಾಲು ಸಹಜವಾಗಿ ಬಂದರೆ ಸಾಕು. "ಇಳಕಲ್ ಸೀರೆ" ಎಂಬ ಹುಡುಕಾಟಕ್ಕೆ ಹೆಚ್ಚು ಪೈಪೋಟಿ ಇರುವುದರಿಂದ ನಿಧಾನವಾಗುವುದು ಸಹಜ. ಅಷ್ಟರಲ್ಲಿ ತಂದೆಯವರಿಂದ ಗೋಮಿ ದಡಿಯ ಬಗ್ಗೆಯೂ ಒಂದು ಪುಟ ಬರೆಸಿ, ಈ ಸಲ ನೇರವಾಗಿ ಯೂನಿಕೋಡ್‌ನಲ್ಲೇ.