ರೂಫ್ ಬೋಲ್ಟ್ ಹತ್ತಿರ ಹತ್ತಿರ ಹಾಕಿದರೆ ಸಾಕಾ?

ಗಣಿಹೈದ: ತೆಲಂಗಾಣದ ಒಂದು ಭೂಗತ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ಛಾವಣಿ ಬೀಳದಂತೆ ತೂತು ಕೊರೆದು ಕೂರಿಸುವ ರೂಫ್ ಬೋಲ್ಟ್ ಹಿಡಿಸಲು ಸಿಮೆಂಟ್ ಕ್ಯಾಪ್ಸೂಲ್ ಬಿಟ್ಟು ರೆಸಿನ್ (ಗಟ್ಟಿಯಾಗುವ ಅಂಟು) ಕ್ಯಾಪ್ಸೂಲ್‌ಗೆ ಬಂದೆವು. ಆದರೂ ಪುಲ್ ಟೆಸ್ಟ್‌ನಲ್ಲಿ (ಎಳೆದು ಹಿಡಿತ ನೋಡುವ ಪರೀಕ್ಷೆ) ಕೆಲವು ಬೋಲ್ಟ್ ಸುಮ್ನೆ ಜಾರಿ ಬರುತ್ತವೆ. ಬೋಲ್ಟ್ 22 ಮಿ.ಮೀ., ಉದ್ದ 1.8 ಮೀಟರ್. ಇನ್ನೂ ಜಾಸ್ತಿ ಹಾಕಬೇಕಾ?

ಹಟ್ಟಿಕಡೆಯವ: ಮೊದಲು ತೂತು ಅಳೆಯಿರಿ ಸಾರ್. 22ರ ಬೋಲ್ಟ್‌ಗೆ 27-28 ಮಿ.ಮೀ. ತೂತು ಒಳ್ಳೆಯದು. ಅದಕ್ಕಿಂತ ತುಂಬಾ ಅಗಲ ಕೊರೆದರೆ ರೆಸಿನ್ ಸರಿಯಾಗಿ ಬೆರೆಯುವುದಿಲ್ಲ, ಕ್ಯಾಪ್ಸೂಲಿನ ಪ್ಲಾಸ್ಟಿಕ್ ಹಾಗೇ ಬೋಲ್ಟ್‌ಗೆ ಸುತ್ತಿಕೊಂಡುಬಿಡುತ್ತದೆ, ಆಮೇಲೆ ಹಿಡಿತ ಎಲ್ಲಿಂದ ಬರಬೇಕು?

ಕರಿಮಣ್ಣು: ರೆಸಿನ್ ಬೆರೆಯಲು ಬೋಲ್ಟ್ ತಿರುಗಿಸುವ ಸಮಯವನ್ನೂ ನೋಡಿ. ಕಂಪನಿಯವರು ಹೇಳಿದಷ್ಟೇ ಸೆಕೆಂಡು. ರೆಸಿನ್ ಗಟ್ಟಿಯಾಗಲು ಶುರುವಾದ ಮೇಲೂ ತಿರುಗಿಸಿದರೆ ಹಿಡಿತ ಒಡೆಯುತ್ತದೆ. ಶಿಫ್ಟ್ ಮುಗಿಯುವ ಹೊತ್ತಿಗೆ ಇದನ್ನೆಲ್ಲ ಯಾರು ನೋಡುತ್ತಾರೆ, ಅಲ್ವಾ!

ಗಣಿಹೈದ: ಕೊರೆಯುವ ಬಿಟ್ ದೊಡ್ಡದೇ ಇದೆ, ಬದಲಿಸುತ್ತೇವೆ. ನಾಲ್ಕು ದಾರಿ ಕೂಡುವಲ್ಲಿ ಛಾವಣಿ ಬಾಗಿದೆ, ಅದಕ್ಕೇನು?

ಹಟ್ಟಿಕಡೆಯವ: ಅದು ಬೇರೆ ಕಥೆ. ಅಲ್ಲಿ ಟೆಲ್‌ಟೇಲ್ ಕೂರಿಸಿ, ಅಂದರೆ ಛಾವಣಿಯೊಳಗೆ ಎರಡು ಎತ್ತರದಲ್ಲಿ ಪದರ ಎಷ್ಟು ಜರುಗಿದೆ ಅಂತ ತೋರಿಸುವ ಸಾಧನ. ಬೋಲ್ಟ್‌ನ ಉದ್ದದೊಳಗೆ ಪದರ ಬಿಡುತ್ತಿದ್ದರೆ ಬೋಲ್ಟ್ ಸರಿಪಡಿಸಿ. ಅದಕ್ಕೂ ಮೇಲೆ ಬಿಡುತ್ತಿದ್ದರೆ ಬೋಲ್ಟ್ ಎಷ್ಟು ಹಾಕಿದರೂ ಕಲ್ಲಿನ ಜೊತೆಗೇ ಬೀಳುತ್ತದೆ, ಮೇಲಿನ ಗಟ್ಟಿ ಕಲ್ಲಿನವರೆಗೆ ಹೋಗುವ ಉದ್ದದ ಕೇಬಲ್ ಬೋಲ್ಟ್ (ಉಕ್ಕಿನ ಹಗ್ಗದ ಬೋಲ್ಟ್) ಬೇಕು. ಅಲ್ಲಿಯವರೆಗೆ ಕೆಳಗೆ ಯಾರನ್ನೂ ಬಿಡಬೇಡಿ, ಮ್ಯಾನೇಜರ್‌ಗೆ ಇವತ್ತೇ ಹೇಳಿ.