ಮರ್ರೆ ಗೆದ್ದದ್ದು ಲೆಂಡ್ಲ್ ಅವರಿಂದಲೇ?

ಬೇಸ್‌ಲೈನ್: ಬ್ರಿಟನ್ನಿನ ಟೆನಿಸ್ ಆಟಗಾರ ಆ್ಯಂಡಿ ಮರ್ರೆ ಅವರ ಮಾತು ಬಂದಾಗಲೆಲ್ಲ ಅರ್ಧ ಕೀರ್ತಿಯನ್ನು ಅವರ ಕೋಚ್ ಆಗಿದ್ದ ಹಳೆಯ ಚಾಂಪಿಯನ್ ಇವಾನ್ ಲೆಂಡ್ಲ್ ಅವರಿಗೆ ಕೊಟ್ಟುಬಿಡುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. 2012ರ ಆರಂಭದಲ್ಲಿ ಲೆಂಡ್ಲ್ ಕೋಚ್ ಆಗಿ ಬಂದಾಗ ಮರ್ರೆ ಆಗಲೇ ಮೂರು ಗ್ರ್ಯಾಂಡ್‌ಸ್ಲಾಮ್ (ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು) ಫೈನಲ್ ಆಡಿದ್ದರು, ವಿಶ್ವದ ನಾಲ್ಕನೇ ಸ್ಥಾನದಲ್ಲಿದ್ದರು. ಹಣ್ಣು ಮಾಗಿತ್ತು, ಲೆಂಡ್ಲ್ ಮರದ ಕೆಳಗೆ ನಿಂತಿದ್ದರು ಅಷ್ಟೆ.

ಐದನೇ ಸೆಟ್: ಮೂರು ಫೈನಲ್ ಆಡಿದ್ದರು ನಿಜ, ಮೂರರಲ್ಲೂ ಒಂದು ಸೆಟ್ ಕೂಡ ಗೆದ್ದಿರಲಿಲ್ಲ! ಅಲ್ಲಿಯೇ ಇರುವುದು ವಿಷಯ. ಲೆಂಡ್ಲ್ ಅವರ ಆಟದ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. 1981ರಲ್ಲಿ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಬೋರ್ಗ್ ಎದುರು ಸೋಲು. 1982 ಮತ್ತು 1983ರಲ್ಲಿ ಅಮೆರಿಕ ಓಪನ್ ಫೈನಲ್‌ನಲ್ಲಿ ಕಾನರ್ಸ್ ಎದುರು ಸೋಲು. ಆಸ್ಟ್ರೇಲಿಯಾದಲ್ಲಿ ವಿಲಾಂಡರ್ ಎದುರು ನಾಲ್ಕನೆಯದು. ಕೊನೆಗೆ 1984ರ ಫ್ರೆಂಚ್ ಓಪನ್‌ನಲ್ಲಿ ಮೆಕೆನ್ರೊ ಅವರಿಗೆ ಮೊದಲೆರಡು ಸೆಟ್ ಬಿಟ್ಟುಕೊಟ್ಟು, ಮುಂದಿನ ಮೂರನ್ನೂ ಗೆದ್ದು ಪ್ರಶಸ್ತಿ ಎತ್ತಿದರು. ಮರ್ರೆ ಕೂಡ ಮೊದಲ ನಾಲ್ಕು ಫೈನಲ್ ಸೋತರು. ನಾಲ್ಕನೆಯದು 2012ರ ವಿಂಬಲ್ಡನ್, ಫೆಡರರ್ ಎದುರು. ಅಂದು ಮರ್ರೆ ಅಂಕಣದಲ್ಲೇ ಅತ್ತದ್ದನ್ನು ಕಂಡು ನನಗೂ ಕಣ್ಣು ತುಂಬಿತ್ತು. ಆ ಸಂಜೆ ಅವರ ಜೊತೆಗಿದ್ದ ಮನುಷ್ಯ ಅದೇ ನಾಲ್ಕು ಮೆಟ್ಟಿಲುಗಳಿಂದ ಜಾರಿ ಎದ್ದವರು. ನಾಲ್ಕು ವಾರ ಕಳೆದ ಮೇಲೆ ಅದೇ ಅಂಕಣದ ಒಲಿಂಪಿಕ್ಸ್ ಫೈನಲ್‌ನಲ್ಲಿ ಮರ್ರೆ ಅದೇ ಫೆಡರರ್ ಅವರಿಗೆ ಬಿಟ್ಟುಕೊಟ್ಟದ್ದು ಏಳೇ ಗೇಮ್.

ಹಳೆಯ ರ‍್ಯಾಕೆಟ್: ನಾನು ಮಕ್ಕಳಿಗೆ ಟೆನಿಸ್ ಕಲಿಸುತ್ತೇನೆ, ಆದ್ದರಿಂದ ಭಾವನೆಗಿಂತ ಹೊಡೆತವನ್ನೇ ಮೊದಲು ನೋಡುತ್ತೇನೆ. ಮರ್ರೆ ಅವರ ಬ್ಯಾಕ್‌ಹ್ಯಾಂಡ್ (ಕೈಯನ್ನು ಮೈಗೆ ಅಡ್ಡ ತಂದು ಹೊಡೆಯುವ ಹೊಡೆತ) ಮೊದಲಿನಿಂದಲೂ ಅಪ್ಪಟ ಚಿನ್ನ. ಅದರ ಎದುರು ಬದಿಯ ಹೊಡೆತವಾದ ಫೋರ್‌ಹ್ಯಾಂಡ್ ಮಾತ್ರ ಚೆಂಡನ್ನು ಮರಳಿಸುವುದಕ್ಕಷ್ಟೇ ಎಂಬಂತಿತ್ತು. ಲೆಂಡ್ಲ್ ಎಂಬತ್ತರ ದಶಕವನ್ನು ಆಳಿದ್ದೇ ಫೋರ್‌ಹ್ಯಾಂಡ್‌ನಿಂದ. ಅವರು ಬಂದ ಮೇಲೆ ಮರ್ರೆ ಆ ಕಡೆಯಿಂದಲೂ ಮುಂದೆ ಬಂದು ಬಲವಾಗಿ ಹೊಡೆಯತೊಡಗಿದರು. ಇನ್ನೊಂದು, ಮರ್ರೆ ಪಾಯಿಂಟ್ ಕಳೆದುಕೊಂಡಾಗಲೆಲ್ಲ ತಮ್ಮ ಬಳಗದತ್ತ ತಿರುಗಿ ರೇಗುತ್ತಿದ್ದರು. ಲೆಂಡ್ಲ್ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಪಂದ್ಯದ ನಡುವೆ ಕೋಚ್ ಮಾತನಾಡುವಂತೆಯೇ ಇರಲಿಲ್ಲ ಆಗ. ಹೊರಗಿನಿಂದ ಸಲಹೆ ಕೊಡಲು ನಿಯಮವೇ ಅವಕಾಶ ಕೊಟ್ಟದ್ದು 2025ರಿಂದ. ಹಾಗಿರುವಾಗ ಆ ಕಲ್ಲಿನಂಥ ಮುಖವೇ ಅವರು ಹೇಳಬಹುದಾಗಿದ್ದ ಮಾತು.

ಡ್ರಾಪ್‌ಶಾಟ್: ದೊಡ್ಡ ಆಟಗಾರನೇ ದೊಡ್ಡ ಕೋಚ್ ಎಂಬ ಕಡೆಗೆ ಚರ್ಚೆ ಸರಿಯುತ್ತಿದೆ, ಅದು ತಪ್ಪು. ಬ್ರಾಡ್ ಗಿಲ್ಬರ್ಟ್ ಒಂದೂ ಗ್ರ್ಯಾಂಡ್‌ಸ್ಲಾಮ್ ಗೆದ್ದವರಲ್ಲ, ಆದರೂ 1994ರಲ್ಲಿ ಶ್ರೇಯಾಂಕವಿಲ್ಲದ ಅಗಾಸ್ಸಿ ಅಮೆರಿಕ ಓಪನ್ ಗೆದ್ದದ್ದು ಅವರ ತರಬೇತಿಯಲ್ಲಿ. ಡ್ಯಾರೆನ್ ಕಾಹಿಲ್ ಅವರ ಅತ್ಯುತ್ತಮ ರ‍್ಯಾಂಕಿಂಗ್ 22. ಅವರ ಗರಡಿಯಲ್ಲಿ ಹೆವಿಟ್ ಮತ್ತು ಹಲೆಪ್ ಅಗ್ರಸ್ಥಾನಕ್ಕೇರಿದರು. ಇತ್ತ ಎಂಟು ಗ್ರ್ಯಾಂಡ್‌ಸ್ಲಾಮ್ ಗೆದ್ದ ಕಾನರ್ಸ್ 2013ರಲ್ಲಿ ಶರಪೋವಾ ಅವರ ಕೋಚ್ ಆದರು, ಒಂದೇ ಪಂದ್ಯಕ್ಕೆ ಆ ನಂಟು ಮುಗಿಯಿತು.

ಐದನೇ ಸೆಟ್: ನೀವು ನನ್ನ ಪರವಾಗಿಯೇ ಮಾತನಾಡಿದ್ದೀರಿ. ಲೆಂಡ್ಲ್ ಗೆದ್ದದ್ದೂ ಎಂಟೇ. ಅಂದ ಮೇಲೆ ವ್ಯತ್ಯಾಸ ಪ್ರಶಸ್ತಿಗಳಲ್ಲಿ ಇಲ್ಲ, ಸೋಲುಗಳಲ್ಲಿದೆ. ಲೆಂಡ್ಲ್ ಅವರಿಗೆ ವಿಂಬಲ್ಡನ್ ಒಲಿಯಲೇ ಇಲ್ಲ. ಅದಕ್ಕಾಗಿ 1990ರಲ್ಲಿ ಫ್ರೆಂಚ್ ಓಪನ್ ಅನ್ನೇ ಬಿಟ್ಟು ಹುಲ್ಲಿನ ಮೇಲೆ ಅಭ್ಯಾಸ ಮಾಡಿದರು; ಸೆಮಿಫೈನಲ್‌ನಲ್ಲಿ ಎಡ್ಬರ್ಗ್ ಎದುರು ಸೋತರು. ಕೈಗೆ ಸಿಗದ ಆ ಅಂಗಳದಲ್ಲಿ 2013ರಲ್ಲಿ ಅವರ ಶಿಷ್ಯ ಗೆದ್ದರು. ಫ್ರೆಡ್ ಪೆರ‍್ರಿ ನಂತರ, 77 ವರ್ಷಗಳ ಮೇಲೆ, ಬ್ರಿಟನ್ನಿನ ಪುರುಷನೊಬ್ಬನಿಗೆ ಸಿಂಗಲ್ಸ್ ಪ್ರಶಸ್ತಿ!

ಬೇಸ್‌ಲೈನ್: ಮರ್ರೆ ಅವರ ಇನ್ನೊಬ್ಬ ಕೋಚ್ ಅಮೇಲಿ ಮೌರೆಸ್ಮೊ ಅವರನ್ನು ಎಲ್ಲರೂ ಮರೆತಿರಿ. ಮರ್ರೆ ಆವೆಮಣ್ಣಿನ ಅಂಕಣದಲ್ಲಿ ಮೊದಲ ಪ್ರಶಸ್ತಿಗಳನ್ನು ಗೆದ್ದದ್ದು 2015ರಲ್ಲಿ, ಅವರ ಕೈಕೆಳಗೆ. ಮ್ಯಾಡ್ರಿಡ್‌ನಲ್ಲಿ ನಡಾಲ್ ಅವರನ್ನೇ ಮಣಿಸಿದರು. ಆದರೂ ಒಂದನ್ನು ಒಪ್ಪಲೇಬೇಕು: ಮೂರು ಗ್ರ್ಯಾಂಡ್‌ಸ್ಲಾಮ್, ಎರಡು ಒಲಿಂಪಿಕ್ ಚಿನ್ನ, ಎಲ್ಲವೂ ಲೆಂಡ್ಲ್ ಕೋಚ್ ಆಗಿದ್ದ ಮೊದಲ ಎರಡು ಅವಧಿಗಳಲ್ಲೇ ಬಂದವು. ಇದನ್ನು ಕಾಕತಾಳೀಯ ಎನ್ನಲು ನನಗೆ ಧೈರ್ಯ ಸಾಲದು. ಆದರೆ ಅದೇ ಲೆಂಡ್ಲ್ 2018ರಲ್ಲಿ ಜರ್ಮನಿಯ ಆಟಗಾರ ಜ್ವೆರೆವ್ ಅವರ ಜೊತೆ ಸೇರಿ, ವರ್ಷಾಂತ್ಯದ ಎಟಿಪಿ ಫೈನಲ್ಸ್ ಗೆಲುವಿನ ಆಚೆಗೆ ಹೋಗದೆ, ಮರುವರ್ಷವೇ ಬೇರೆಯಾದರಲ್ಲ?

ಐದನೇ ಸೆಟ್: ಆಗ ಜ್ವೆರೆವ್ ಒಂದೂ ಗ್ರ್ಯಾಂಡ್‌ಸ್ಲಾಮ್ ಫೈನಲ್ ತಲುಪಿರಲಿಲ್ಲ. ಸೋಲುವುದಕ್ಕಾದರೂ ಅಲ್ಲಿಗೆ ಮುಟ್ಟಬೇಕಿತ್ತು. ಅವರು 2020ರ ಅಮೆರಿಕ ಓಪನ್, 2024ರ ಫ್ರೆಂಚ್ ಓಪನ್, 2025ರ ಆಸ್ಟ್ರೇಲಿಯನ್ ಓಪನ್ ಫೈನಲ್‌ಗಳಲ್ಲಿ ಸೋತದ್ದು ಅದಾದ ಮೇಲೆ. ಆ ಮೂರನೆಯ ಸೋಲಿನ ರಾತ್ರಿ ಲೆಂಡ್ಲ್ ಜೊತೆಗಿದ್ದಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.