ಹಳೇಬೀಡು ಮಾದರಿಯ ಸಿಟಿಎಫ್ ಮ್ಯಾಪ್ (ಕ್ವೇಕ್ 3): ಲೀಕ್, ಎಫ್‌ಪಿಎಸ್, ಪ್ಯೂರ್ ಸರ್ವರ್ ತಕರಾರು

ಹಾಸನ_ರಾಕೆಟ್:
ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮಾದರೀಲಿ ಕ್ವೇಕ್ 3 ಶೂಟಿಂಗ್ ಗೇಮ್‌ಗೆ ಸಿಟಿಎಫ್ (ಎದುರಾಳಿಯ ಬಾವುಟ ಕದ್ದು ತಮ್ಮ ಕಡೆಗೆ ತರೋ ಆಟ) ಮ್ಯಾಪ್ ಕಟ್ತಾ ಇದೀನಿ. ದ್ವಿಕೂಟ ಆಗಿರೋದ್ರಿಂದ ಒಂದು ಗರ್ಭಗುಡಿ ಕೆಂಪು ತಂಡಕ್ಕೆ, ಇನ್ನೊಂದು ನೀಲಿಗೆ. ಎಡಿಟರ್ ನೆಟ್‌ರೇಡಿಯಂಟ್, ಆಡೋದು ಐಓಕ್ವೇಕ್3. ಹಾಸನದಲ್ಲಿ ಭಾನುವಾರ ಎಂಟು ಜನ ಲ್ಯಾನ್‌ನಲ್ಲಿ ಆಡಬೇಕು.

ಕಂಪೈಲ್ ಮಾಡಿದ್ರೆ ಲೀಕ್, ಅಂದ್ರೆ ಮ್ಯಾಪ್‌ನಿಂದ ಹೊರಗಿನ ಶೂನ್ಯಕ್ಕೆ ತೂತು ಇದೆ, ಅಂತ ಬರುತ್ತೆ. ಹೊರಗೋಡೆ ಪೂರ್ತಿ ಮುಚ್ಚಿದೆ, ಅದರ ಅಂಕುಡೊಂಕೆಲ್ಲ ಡೀಟೇಲ್ ಬ್ರಷ್ (ಅಲಂಕಾರಕ್ಕೆ ಅಂತ ಗುರುತು ಹಾಕಿದ ಘನ ತುಂಡು). ನವರಂಗಕ್ಕೆ ಕಾಲಿಟ್ರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳ ಸಂಖ್ಯೆ) ಕುಸಿಯುತ್ತೆ. ನನ್ನ ಸಿಸ್ಟಂನಲ್ಲಿ ಡೆವ್‌ಮ್ಯಾಪ್ (ಪರೀಕ್ಷೆಗೆ ಮ್ಯಾಪ್ ತೆರೆಯೋ ಆಜ್ಞೆ) ಕೊಟ್ರೆ ಓಡೋ ಮ್ಯಾಪ್‌ಗೆ ಬೇರೆಯವರು ಸೇರೋಕೆ ಆಗ್ತಿಲ್ಲ. ಬಾಟ್‌ಗಳೂ (ಕಂಪ್ಯೂಟರ್ ಆಡಿಸೋ ಆಟಗಾರರು) ಬರ್ತಿಲ್ಲ.

ಮಲ್ನಾಡ್_ಮ್ಯಾಪರ್:
ಮೊದಲ ಎರಡು ತೊಂದರೆಗೂ ಬೇರು ಒಂದೇ ಮಾರಾಯ್ರೆ. ಡೀಟೇಲ್ ಬ್ರಷ್ ಮ್ಯಾಪನ್ನ ಮುಚ್ಚೋದಿಲ್ಲ. ಪ್ಯಾಚ್, ಮಾಡೆಲ್ ಕೂಡ ಅಷ್ಟೆ. ಕಣ್ಣಿಗೆ ಗೋಡೆ ಕಂಡ್ರೂ ಕಂಪೈಲರ್‌ಗೆ ಅಲ್ಲಿ ಬರೀ ಗಾಳಿ. ಲೀಕ್ ಇದ್ರೆ ಪೋರ್ಟಲ್ ಫೈಲ್ ಆಗಲ್ಲ, ಅದಿಲ್ಲದೆ ವಿಸ್ ಹಂತ (ಎಲ್ಲಿಂದ ಏನು ಕಾಣುತ್ತೆ ಅನ್ನೋ ಲೆಕ್ಕ) ನಡೆಯಲ್ಲ. ಆಗ ಗೋಡೆಯಾಚೆ ಇರೋದನ್ನೂ ಎಂಜಿನ್ ಬಿಡಿಸ್ತಾ ಕೂರುತ್ತೆ. ಹಾಗಾಗಿ ಎಫ್‌ಪಿಎಸ್ ಮಾತು ಲೀಕ್ ಮುಚ್ಚಿದ ಮೇಲೆ.

ಅಂಕುಡೊಂಕು ಗೋಡೆ ಡೀಟೇಲ್ ಆಗೇ ಇರಲಿ. ಅದರ ಹಿಂದೆ 16 ಯೂನಿಟ್ ದಪ್ಪದ ನೆಟ್ಟಗಿನ ಸ್ಟ್ರಕ್ಚರಲ್ (ಮ್ಯಾಪನ್ನ ಮುಚ್ಚೋ) ಗೋಡೆ ಎಬ್ಬಿಸಿ, ಎಲ್ಲ ಮುಖಕ್ಕೂ ಕಾಕ್ ಟೆಕ್ಸ್ಚರ್ (ಎಂಜಿನ್ ಬಿಡಿಸದ ಮೇಲ್ಮೈ). ಮೇಲೆ ಸ್ಕೈ ಬ್ರಷ್, ಅದೂ ಗೋಡೆಗೆ ಅಂಟಿಕೊಂಡಿರಬೇಕು. ಆಮೇಲೂ ಲೀಕ್ ಅಂದ್ರೆ ಎಡಿಟರ್‌ನಲ್ಲಿ ಪಾಯಿಂಟ್‌ಫೈಲ್ ಲೋಡ್ ಮಾಡಿ. ಯಾವುದೋ ಎಂಟಿಟಿಯಿಂದ (ದೀಪ, ಬಾವುಟದಂಥ ವಸ್ತು) ಹೊರಟ ಗೆರೆ ಆಚೆ ನುಸುಳೋ ಜಾಗವೇ ತೂತು. ಎಂಟಿಟಿಯೇ ಗೋಡೆಯಾಚೆ ಬಿದ್ದಿದ್ರೂ ಇದೇ ದೂರು ಬರುತ್ತೆ. ಇನ್ನೊಂದು: ನಕ್ಷತ್ರಾಕಾರಕ್ಕೆ ಅಂತ ಬ್ರಷ್‌ಗಳನ್ನ 22.5 ಡಿಗ್ರಿ ತಿರುಗಿಸಿದ್ರೆ ಮೂಲೆಗಳು ಗ್ರಿಡ್ ಬಿಟ್ಟು ಹೋಗ್ತವೆ, ಕೂದಲೆಳೆ ಬಿರುಕು ಉಳಿಯುತ್ತೆ. ತಿರುಗಿಸೋ ಬದಲು ಮೂಲೆಗಳನ್ನೇ ಎಳೆದು 8ರ ಗ್ರಿಡ್ ಮೇಲೆ ಕೂರಿಸಿ.

ಇಡೀ ಮ್ಯಾಪ್ ಸುತ್ತ ದೊಡ್ಡ ಡಬ್ಬಿ ಮಾಡಿ ಮುಚ್ಚೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಲೀಕ್ ಅನ್ನೋ ಮಾತು ನಿಲ್ಲುತ್ತೆ, ಆದ್ರೆ ದೇವಸ್ಥಾನದ ಹೊರಮೈಯೂ ಆಟದ ಜಾಗ ಅಂತಲೇ ಲೆಕ್ಕ. ಲೈಟ್ ಹಂತ ಅದಕ್ಕೆಲ್ಲ ಬೆಳಕು ಹಾಕ್ತಾ ಕೂರುತ್ತೆ.

ನವರಂಗದ ಕಂಬ ಸ್ಟ್ರಕ್ಚರಲ್ ಮಾಡ್ಲೇಬೇಡಿ. ಚಿತ್ರಿಕೆ ಹಿಡಿದಂಥ ಆ ಬಳೆಬಳೆ ಕಂಬಕ್ಕೆ ಒಂದು ಮಾಡೆಲ್ ಮಾಡಿ ಎಲ್ಲ ಕಡೆ ಅದನ್ನೇ ನಿಲ್ಲಿಸಿ. ಸುತ್ತ ಎಂಟು ಮುಖದ ವೆಪ್‌ಕ್ಲಿಪ್ ಬ್ರಷ್ (ಆಟಗಾರನನ್ನೂ ಗುಂಡನ್ನೂ ತಡೆಯೋ ಕಾಣದ ಗೋಡೆ) ಹಾಕಿ. ಬರೀ ಕ್ಲಿಪ್ ಹಾಕಿದ್ರೆ ಆಟಗಾರ ತಡೆದು ನಿಲ್ತಾನೆ, ರಾಕೆಟ್ ಕಂಬದೊಳಗಿಂದಲೇ ಹಾದುಹೋಗುತ್ತೆ.

ಪಿಕೆ3_ಪಂಡಿತ:
ಡೆವ್‌ಮ್ಯಾಪ್ ಚೀಟ್ ಮಾತ್ರ ಆನ್ ಮಾಡುತ್ತೆ, ಪ್ಯೂರ್ ಸೆಟ್ಟಿಂಗ್ (ಸರ್ವರ್‌ನ ಪಿಕೆ3 ಫೈಲ್‌ಗಳಿಗೆ ಹೊಂದೋದನ್ನ ಮಾತ್ರ ಬಿಡೋ ನಿಯಮ) ಮುಟ್ಟಲ್ಲ. ನಿಮ್ಮಲ್ಲಿ ಪ್ಯೂರ್ ಸೊನ್ನೆ ಇರಬೇಕು, ಅದಕ್ಕೇ ಓಡೋದು. ಪ್ಯೂರ್ 1 ಇದ್ದಾಗ ಬೇಸ್‌ಕ್ಯು3 ಫೋಲ್ಡರ್‌ನಲ್ಲಿ ಬಿಡಿಬಿಡಿಯಾಗಿ ಬಿದ್ದಿರೋ ಮ್ಯಾಪನ್ನ ಆಟ ಓದಲ್ಲ, ಪಿಕೆ3 ಒಳಗೇ ಇರಬೇಕು. ಪಿಕೆ3 ಅಂದ್ರೆ ಬರೀ ಜಿಪ್. ಅದನ್ನ ತೆರೆದ ಕೂಡಲೇ ಮ್ಯಾಪ್ಸ್, ಸ್ಕ್ರಿಪ್ಟ್ಸ್, ಟೆಕ್ಸ್ಚರ್ಸ್, ಲೆವೆಲ್‌ಶಾಟ್ಸ್ ಫೋಲ್ಡರ್ ಕಾಣಬೇಕು. ಹೊರಗಿನ ಫೋಲ್ಡರ್ ಸಮೇತ ಜಿಪ್ ಮಾಡಿ ಮೋಸ ಹೋಗೋರೇ ಜಾಸ್ತಿ.

ಒಂದು ದೀಪ ಸರಿಸಿ ಮತ್ತೆ ಪ್ಯಾಕ್ ಮಾಡಿದ್ರೂ ಚೆಕ್‌ಸಮ್ (ಫೈಲ್‌ನ ಗುರುತಿನ ಸಂಖ್ಯೆ) ಬದಲಾಗುತ್ತೆ. ಹೆಸರು ಅದೇ, ಒಳಗಿರೋದು ಬೇರೆ ಅಂದ್ರೆ ಅರ್ಧ ಜನ ಹೊರಗೇ. ಪ್ರತಿ ಸಲ ಮ್ಯಾಪ್‌ಗೂ ಪಿಕೆ3ಗೂ ಬಿ1, ಬಿ2 ಅಂತ ಹೊಸ ಹೆಸರು ಕೊಡಿ, ಎಲ್ಲ ಸಣ್ಣಕ್ಷರದಲ್ಲಿ. ಎಂಟು ಜನಕ್ಕೆ ಪೆನ್‌ಡ್ರೈವ್‌ನಲ್ಲಿ ಹಂಚಿಬಿಡಿ. ಸರ್ವರ್ ಪಟ್ಟಿಯಲ್ಲೇ ಕಾಣದಿದ್ರೆ ಸರ್ವರ್ ಸಿಸ್ಟಂನ ಫೈರ್‌ವಾಲ್‌ನಲ್ಲಿ ಯುಡಿಪಿ 27960 ತೆಗೆದಿದೆಯಾ ನೋಡಿ.

ಹಾಸನ_ರಾಕೆಟ್:
ಡೀಟೇಲ್ ಗೋಡೆ ಹಿಂದೆ ಕಾಕ್ ಹಾಕಿದೆ, ಲೀಕ್ ಹೋಯ್ತು. ಪಿಕೆ3 ಒಳಗೆ ಫೋಲ್ಡರ್‌ನೊಳಗೆ ಫೋಲ್ಡರ್ ಇತ್ತು, ಪಂಡಿತ್ರೇ! ಬಾಟ್ ಒಂದು ಬಾಕಿ. ಎರಡು ಬಾವುಟದ ನಡುವೆ ನೇರ ದಾರಿ 1,600 ಯೂನಿಟ್ ಇದೆ, ಸಾಕಾ?

ಮಲ್ನಾಡ್_ಮ್ಯಾಪರ್:
ಸಾಲದು. ಓಟದ ವೇಗ ಸೆಕೆಂಡಿಗೆ 320 ಯೂನಿಟ್, ಅಂದ್ರೆ ಐದೇ ಸೆಕೆಂಡಿಗೆ ಬಾವುಟ ಮನೆಗೆ. ಅಸಲಿ ದೇವಸ್ಥಾನದಲ್ಲಿ ಎರಡೂ ಗುಡಿ ಪಕ್ಕಪಕ್ಕ, ಎರಡೂ ಪೂರ್ವಕ್ಕೇ ಮುಖ. ನೋಡೋಕೆ ಚೆಂದ, ಸಿಟಿಎಫ್‌ಗೆ ಒಗ್ಗಲ್ಲ. ನಡುವಿನ ಮಂಟಪಕ್ಕೆ ಜಾಲಂಧ್ರದ ಗೋಡೆ ಅಡ್ಡ ಹಾಕಿ, ದಾರೀನ ಎರಡು ನಂದಿ ಮಂಟಪಗಳ ಕಡೆಯಿಂದ ಸುತ್ತಿಸಿ. 3,000 ಯೂನಿಟ್ ದಾಟಿದ್ರೆ ಆಟ ಕಟ್ಟುತ್ತೆ. ಜಾಲಂಧ್ರದ ತೂತುಗಳನ್ನ ಬ್ರಷ್‌ನಲ್ಲಿ ಕೊರೀಬೇಡಿ. ಒಂದೇ ಚಪ್ಪಟೆ ಮುಖಕ್ಕೆ ಆಲ್ಫಾ (ಪಾರದರ್ಶಕ ಭಾಗ) ಇರೋ ಟಿಜಿಎ ಚಿತ್ರ ಹಾಕಿ, ಶೇಡರ್‌ನಲ್ಲಿ (ಮೇಲ್ಮೈ ಹೇಗಿರಬೇಕು ಅನ್ನೋ ಸ್ಕ್ರಿಪ್ಟ್) ಆಲ್ಫಾಶ್ಯಾಡೋ ಸೇರಿಸಿ. ನೆಲದ ಮೇಲೆ ಬೆಳಕಿನ ಚೌಕಗಳು ತಾವಾಗೇ ಬೀಳ್ತವೆ.

ಜಗತಿಯ (ದೇವಸ್ಥಾನ ನಿಂತಿರೋ ಕಟ್ಟೆ) ಮೆಟ್ಟಿಲು 16 ಯೂನಿಟ್ ಇರಲಿ, 18ಕ್ಕಿಂತ ಎತ್ತರ ಆದ್ರೆ ಕಾಲು ಎಡವುತ್ತೆ. ಗರ್ಭಗುಡೀಲಿ ಲಿಂಗ ಬೇಡ, ಬಾವುಟಕ್ಕೆ ಬರೀ ಪೀಠ ಸಾಕು. ರಾಕೆಟ್ ಹೊಡೆಯೋ ಜಾಗ ಅದು.

ಬಾಟ್‌ಗೆ ಎಎಎಸ್ ಫೈಲ್ (ಅವು ಓಡಾಡೋ ದಾರಿಯ ನಕ್ಷೆ) ಬೇಕು. ಕಂಪೈಲ್ ಆದ ಬಿಎಸ್‌ಪಿ ಫೈಲನ್ನ ಬಿಎಸ್‌ಪಿಸಿ ಟೂಲ್‌ಗೆ ಕೊಟ್ಟು ಮಾಡಿಸಿ, ಮ್ಯಾಪ್ಸ್ ಫೋಲ್ಡರ್‌ನಲ್ಲೇ ಇಡಿ. ಸ್ಕ್ರಿಪ್ಟ್ಸ್ ಫೋಲ್ಡರ್‌ನ ಅರೆನಾ ಫೈಲ್‌ನ (ಮ್ಯಾಪ್‌ನ ವಿವರ ಇರೋ ಫೈಲ್) ಟೈಪ್ ಸಾಲಿನಲ್ಲಿ ಸಿಟಿಎಫ್ ಅಂತ ಇರಬೇಕು, ಇಲ್ಲದಿದ್ರೆ ಮೆನುವಿನ ಸಿಟಿಎಫ್ ಪಟ್ಟೀಲಿ ಮ್ಯಾಪ್ ಕಾಣಲ್ಲ. ಮ್ಯಾಪ್ ಮತ್ತೆ ಕಂಪೈಲ್ ಮಾಡಿದ್ರೆ ಎಎಎಸ್ ಹಳೇದಾಯ್ತು ಅಂತ ಆಟ ತಕರಾರು ತೆಗೆಯುತ್ತೆ. ಬರೀ ಬೆಳಕು ಬದಲಾಗಿದ್ರೆ ಮ್ಯಾಪ್ ಕಂಪೈಲರ್ ಕ್ಯು3ಮ್ಯಾಪ್2ರ ಫಿಕ್ಸ್‌ಎಎಎಸ್ ಓಡಿಸಿ, ಸಾಕು. ಗೋಡೆ ಸರಿಸಿದ್ರೆ ಮಾತ್ರ ಹೊಸದಾಗೇ ಮಾಡಬೇಕು.